ಹೆಸರಿಲ್ಲದ ಬಾಟಲಿಗಳ ಮೇಷ್ಟ್ರು

ನೈಟ್ರಿಕ್ ಆಸಿಡ್ ತಗಲಿ ತಗಲಿ ಮೇಷ್ಟ್ರ ಬಲಗೈಯ ಮೂರು ಬೆರಳು ಹಳದಿಯಾಗಿದ್ದವು. ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಆ ಜಾಗದಲ್ಲಿ ಹುರಿದ ಹುಣಸೆ ಬೀಜದ ಸಿಪ್ಪೆಯಂಥದ್ದೇನೋ ಅಂಟಿಕೊಂಡಿತ್ತು. ಆ ಕೈ ಹುಡುಗರ ಕಪಾಳಕ್ಕೆ ಬಿದ್ದರೆ ಕೊನೇ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು. ಹುಡುಗಿಯರಿಗೆ ಕಪಾಳ ಇಲ್ಲ, ತೇಗದ ಸ್ಕೇಲು, ಅದೂ ಅಡ್ಡ ಹಿಡಿದು ಬೆರಳ ಗೆಣ್ಣಿಗೆ. ಇದನ್ನು ಅವರು ಮರ್ಯಾದೆ ಅಂದುಕೊಂಡಿದ್ದರು.

ನಾನು ಗುಬ್ಬಿಯಲ್ಲಿ ಪಿಯುಸಿ ಓದುವಾಗ ಅವರು ನಮಗೆ ಕೆಮಿಸ್ಟ್ರಿ ಹೇಳುತ್ತಿದ್ದರು. ಲೆಕ್ಚರರ್ ಅಂದರೆ ಅವರಿಗೆ ಸಿಟ್ಟು, ಮೇಷ್ಟ್ರು ಅಂದರೆ ಮಾತ್ರ ತಿರುಗಿ ನೋಡುತ್ತಿದ್ದರು. ಊರು ಕುಣಿಗಲ್, ಅಲ್ಲಿ ಒಬ್ಬ ಅಕ್ಕ. ಮದುವೆಯಾಗಿರಲಿಲ್ಲ. ಗುಬ್ಬಿಯಲ್ಲಿ ಒಂದು ರೂಮು ಮಾಡಿಕೊಂಡು ಇದ್ದರು. ಬೆಳಿಗ್ಗೆ ಹಣೆ ತುಂಬ ಮೂರು ಗೆರೆ ವಿಭೂತಿ ಇಟ್ಟುಕೊಂಡು ಬಂದರೆ, ನಾಲ್ಕು ಜನಕ್ಕೆ ಹೊಡೆದು ಬೆವೆತು ಮಧ್ಯಾಹ್ನದ ಹೊತ್ತಿಗೆ ಒಂದೂವರೆ ಗೆರೆ ಉಳಿದಿರುತ್ತಿತ್ತು.

ಮಕ್ಕಳಿಗೆ ಹೊಡೆಯಬಾರದು ಅನ್ನೋ ಕಾನೂನು ಆಗಲೇ ಬಂದಿತ್ತು. ಬೆಂಗಳೂರು ಬಿಟ್ಟಿದ್ದು ತುಮಕೂರಿನ ತನಕ ಬಂದು, ಗುಬ್ಬಿ ಬಸ್ಸಲ್ಲಿ ಸೀಟು ಸಿಗದೆ ಅಲ್ಲೇ ನಿಂತುಬಿಟ್ಟಿತ್ತು ಅಂತ ಕಾಣುತ್ತೆ. ನಮ್ಮಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನನ್ನನ್ನು ಸೇರಿಸೋಕೆ ಬಂದ ದಿನ ಮೇಷ್ಟ್ರಿಗೆ ಕೈಮುಗಿದು, "ಕಣ್ಣೊಂದು ಬಿಟ್ಟು ಎಲ್ಲಿಗ್ ಬೇಕಾದ್ರೂ ಹೊಡೀರಿ ಸಾರ್, ಹುಡ್ಗಿ ಉದ್ಧಾರ ಆದ್ರೆ ಸಾಕು" ಅಂದಿದ್ದ. ಮೇಷ್ಟ್ರು ಅರ್ಜಿಯಿಂದ ತಲೆ ಎತ್ತದೆ, "ಸ್ಟಾಕ್ ಇದೆ, ಕೊಡ್ತೀನಿ" ಅಂದರು.

ಅವರ ಪ್ರಾಣವೆಲ್ಲ ಇದ್ದದ್ದು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ, ಅದರಲ್ಲೂ ರಚನೆ ನೋಡಿ ಹೆಸರು ಹೇಳೋದರಲ್ಲಿ. ಬೋರ್ಡಿನ ಮೇಲೆ ಕಾರ್ಬನ್ನುಗಳ ಸರಪಳಿ ಬರೆದು, ಅದಕ್ಕೆ ಅಲ್ಲಲ್ಲಿ ಕೊಂಬೆ ಹಚ್ಚಿ, ಸೀಮೆಸುಣ್ಣ ಎಸೆದು ಒಬ್ಬರನ್ನು ಎಬ್ಬಿಸುತ್ತಿದ್ದರು. ಸೀಮೆಸುಣ್ಣ ಯಾರ ಹಣೆಗೆ ತಗಲಿತೋ ಅವರು ಹೆಸರು ಹೇಳಬೇಕು. "ರಚನೆ ಅಂದ್ರೆ ಮುಖ ಕಣ್ರೋ. ಮುಖ ನೋಡಿ ಹೆಸ್ರು ಹೇಳ್ಬೇಕು. ಹೆಸ್ರು ಇಟ್ಕೊಂಡು ಮುಖ ಹುಡುಕೋನು ಪೊಲೀಸ್" ಅನ್ನುತ್ತಿದ್ದರು. "ಉದ್ದದ ಸರಪಳಿ ಹಿಡಿ. ಕೊಂಬೆ ಯಾವ ತುದಿಗೆ ಹತ್ರಾನೋ ಆ ತುದಿಯಿಂದ ಎಣಿಸು. ಇಷ್ಟೂ ಬರ್ಲಿಲ್ಲ ಅಂದ್ರೆ ಎಮ್ಮೆ ಕಟ್ಕೋ, ಅದಕ್ಕೆ ಒಂದೇ ಹೆಸ್ರು." ಅವರ ಇನ್ನೊಂದು ಮಾತು ಇಡೀ ಕಾಲೇಜಿಗೆ ಬಾಯಿಪಾಠವಾಗಿತ್ತು: "ಕಾರ್ಬನ್ನಿಗೆ ನಾಕೇ ಕೈ. ಐದನೇದು ಕೊಟ್ರೆ ನಿನ್ ಕೈ ಮುರೀತೀನಿ."

ನಾನು ಕೊಟ್ಟೆ. ಕಾಲೇಜು ಸೇರಿ ಎರಡು ತಿಂಗಳಾಗಿತ್ತು. ಬೋರ್ಡಿನ ಮುಂದೆ ನಿಂತು, ಗಡಿಬಿಡಿಯಲ್ಲಿ, ಒಂದು ಕಾರ್ಬನ್ನಿಗೆ ಐದು ಗೆರೆ ಎಳೆದೆ. ಮೇಷ್ಟ್ರು ಮೇಜಿನ ಮೇಲೆ ಕೈ ಇಡು ಅಂತ ಸ್ಕೇಲಿನಲ್ಲೇ ತೋರಿಸಿದರು. ಐದು ಗೆರೆಗೆ ಐದು ಏಟು, ಒಂದೇ ಜಾಗಕ್ಕೆ. ನಾಲ್ಕನೆಯದಕ್ಕೆ ಚರ್ಮ ಒಡೆಯಿತು, ಐದನೆಯದಕ್ಕೆ ಸ್ಕೇಲಿಗೆ ರಕ್ತ ಮೆತ್ತಿತು. ಅದನ್ನು ಡಸ್ಟರಿನಿಂದ ಒರೆಸಿ, "ಹೆಚ್ಚಿಗೆ ಇರೋದನ್ನ ಅಳಿಸು" ಅಂದರು. ಎಡಗೈಯಲ್ಲಿ ಅಳಿಸಿದೆ. ಇವತ್ತಿನವರೆಗೂ ನಿದ್ದೆಯಲ್ಲಿ ಎಬ್ಬಿಸಿ ಬರೆಸಿದರೂ ನನ್ನ ಕಾರ್ಬನ್ನಿಗೆ ನಾಲ್ಕೇ ಕೈ. ಅದಕ್ಕೆ ಏಟೇ ಕಾರಣ ಅಂತ ಒಪ್ಪೋಕೆ ನನಗೆ ಮನಸ್ಸಿಲ್ಲ. ಅಂದು ನಾನು ಅವರಿಗೆ ಕೆಟ್ಟ ಸಾವು ಬರಲಿ ಅಂತ ಹಾರೈಸಿದ್ದೆ, ಅದನ್ನೂ ಹೇಳಿಬಿಡಬೇಕು.

ಒಬ್ಬ ಹುಡುಗ ಸರಪಳಿಯನ್ನು ತಪ್ಪು ತುದಿಯಿಂದ ಎಣಿಸಿ, ಎರಡು ಅನ್ನಬೇಕಾದಲ್ಲಿ ಮೂರು ಅಂದ. ಆ ಹಳದಿ ಕೈ ಬೀಸಿದ ರಭಸಕ್ಕೆ ಹುಡುಗನ ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಅವನು ಲ್ಯಾಬಿನ ಸಿಂಕಿಗೆ ರಕ್ತ ಉಗುಳಿ ಬಂದ. "ನೀರು ಬಿಟ್ಯೇನೋ? ಕಲೆ ಆಗುತ್ತೆ" ಅಂತ ಕೇಳಿದರು ಮೇಷ್ಟ್ರು. ಹುಡುಗ ವಾಪಸ್ ಹೋಗಿ ನೀರು ಬಿಟ್ಟು ಬಂದು, ಮೂರನ್ನು ಅಳಿಸಿ ಎರಡು ಬರೆದ. ಆದರೂ ಅವರ ಕ್ಲಾಸಿಗೆ ಒಬ್ಬರೂ ಚಕ್ಕರ್ ಹೊಡೆಯುತ್ತಿರಲಿಲ್ಲ. ಗೊಜಲು ಗೊಜಲಾಗಿ ಕಂಡ ಗೆರೆಗಳು ಅವರು ಹೇಳಿಕೊಟ್ಟ ಮೇಲೆ ಒಂದೊಂದೇ ಸರಿದು, ನಡುವೆ ಹೆಸರು ಬಂದು ಕೂರುತ್ತಿತ್ತಲ್ಲ, ಆ ಸುಖಕ್ಕೆ ನಾವು ಗೆಣ್ಣು ಒಡೆಸಿಕೊಳ್ಳೋಕೆ ತಯಾರಿದ್ದೆವು.

ಈಗ ಬಾಟಲಿಗಳ ವಿಷಯ. ನಮ್ಮ ಲ್ಯಾಬಿನ ಬಾಟಲಿಗಳ ಮೇಲೆ ಹೆಸರೇ ಇರುತ್ತಿರಲಿಲ್ಲ. ಹೊಸ ಬಾಟಲಿ ಬಂದ ಕೂಡಲೆ ಮೇಷ್ಟ್ರು ಕಂಪನಿಯ ಲೇಬಲನ್ನು ನೆನೆಸಿ ಕಿತ್ತು, ಬಿಳಿ ಕಾಗದದ ಮೇಲೆ ಅದರ ರಚನೆ ಮಾತ್ರ ಬರೆದು ಅಂಟಿಸುತ್ತಿದ್ದರು. ಬಾಟಲಿ ಮುಟ್ಟಬೇಕಾದರೆ ಮೊದಲು ಹೆಸರು ಹೇಳಬೇಕು, ತಪ್ಪಿದರೆ ಗೊತ್ತಲ್ಲ. ಪ್ರಿನ್ಸಿಪಾಲರು ಒಂದು ಸಲ ಆಕ್ಷೇಪಣೆ ಎತ್ತಿದಾಗ, "ಲೇಬಲ್ ಓದೋಕೆ ನಾನ್ಯಾಕೆ ಬೇಕು ಸಾರ್, ಬಸ್ ಕಂಡಕ್ಟರ್ ಸಾಕು" ಅಂದರಂತೆ.

ರಚನೆಯನ್ನು ಅಕ್ಷರಗಳಲ್ಲಿ ಬರೆದಿದ್ದರೆ ಕಷ್ಟವಿರಲಿಲ್ಲ. ಅವರು ಬರೆಯುತ್ತಿದ್ದದ್ದು ಬರೀ ಗೆರೆಗಳಲ್ಲಿ. ಅದರ ನಿಯಮ ಇಷ್ಟೇ: ಗೆರೆಯ ಪ್ರತಿ ತುದಿಯಲ್ಲೂ, ಪ್ರತಿ ತಿರುವಿನಲ್ಲೂ ಒಂದು ಕಾರ್ಬನ್ ಇದೆ ಅಂತ ತಿಳಿಯಬೇಕು. ಆದರೆ ತುದಿಯಲ್ಲಿ ಬೇರೆ ಅಕ್ಷರ ಬರೆದಿದ್ದರೆ ಆ ತುದಿ ಕಾರ್ಬನ್ ಅಲ್ಲ. ಕೊನೆಯ ಮಾತನ್ನು ಮೊದಲ ವರ್ಷದವರು ಮರೆಯುತ್ತಾರೆ. ನಾನು ಈಗ ಪಾಠ ಹೇಳುವ ಮಕ್ಕಳೂ ಮರೆಯುತ್ತಾರೆ. ಎರಡು ಕಾರ್ಬನ್ನಿನ ಆಲ್ಕೋಹಾಲಿಗೆ, ಅಂದರೆ ಎಥನಾಲಿಗೆ, ಒಂದು ಸಲ ತಿರುಗಿದ ಗೆರೆ, ತುದಿಯಲ್ಲಿ ಓಎಚ್. ಒಂದೇ ಕಾರ್ಬನ್ನಿನ ಮೆಥನಾಲಿಗೆ ತಿರುವಿಲ್ಲದ ಒಂದು ಪುಟ್ಟ ಗೆರೆ, ತುದಿಯಲ್ಲಿ ಅದೇ ಓಎಚ್. ಮೊದಲನೆಯದು ಅಮಲೇರಿಸುತ್ತೆ. ಎರಡನೆಯದು ಕಣ್ಣು ತೆಗೆಯುತ್ತೆ, ಹೆಚ್ಚಾದರೆ ಪ್ರಾಣವನ್ನೂ.

ಇದು ಓದಿದ ನಮಗಿಂತ ಚೆನ್ನಾಗಿ ನಮ್ಮ ಲ್ಯಾಬ್ ಅಟೆಂಡರಿಗೆ ಗೊತ್ತಿತ್ತು. ಐವತ್ತು ದಾಟಿದ ಸಣ್ಣ ಆಳು, ಗುಬ್ಬಿಯವನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಪ್ಪತ್ತು ವರ್ಷ ಬಾಗಿಲಲ್ಲಿ ನಿಂತು ಪಾಠ ಕೇಳಿದ್ದಕ್ಕೋ ಏನೋ, ಎಷ್ಟೋ ಹೆಸರು ಅವನ ಬಾಯಲ್ಲಿ ಸರಾಗ, ಗೆರೆ ಓದೋಕೆ ಮಾತ್ರ ಬರುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಎಥನಾಲಿಗೆ ನೀರು ಬೆರೆಸಿ ಒಂದು ಲೋಟ ಹಾಕುತ್ತಿದ್ದ. ಕಾಲೇಜಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಮೇಷ್ಟ್ರು ಒಂದು ಸಲ ಹಿಡಿದು, ಅವನಿಗೂ ಎರಡು ಬಿಟ್ಟು, ಆಮೇಲೆ ಕೂರಿಸಿಕೊಂಡು ಹೇಳಿದ್ದರಂತೆ: "ಸಾಯೋದಾದ್ರೆ ಲೆಕ್ಕ ಕಲ್ತು ಸಾಯಿ. ಎರಡು ಕಾರ್ಬನ್ದು ಕುಡಿದ್ರೆ ತೂರಾಡ್ತೀಯ. ಒಂದು ಕಾರ್ಬನ್ದು ಕುಡಿದ್ರೆ ಕಣ್ ಹೋಗುತ್ತೆ." ಅಂದಿನಿಂದ ಆ ಮನುಷ್ಯ ಎಚ್ಚರವಾಗಿದ್ದ. ಎಥನಾಲಿನ ಬಾಟಲಿ ಎಡಗಡೆ ಮೇಲಿನ ಹಲಗೆಯಲ್ಲಿ, ಕಿಟಕಿಗೆ ಹತ್ತಿರ. ಅದೊಂದನ್ನು ಬಿಟ್ಟು ಬೇರೆಯದಕ್ಕೆ ಕೈ ಹಾಕುತ್ತಿರಲಿಲ್ಲ.

ದಸರಾ ರಜೆಯಲ್ಲಿ ಲ್ಯಾಬಿಗೆ ಸುಣ್ಣ ಹೊಡೆಸಿದರು. ಬಾಟಲಿಗಳೆಲ್ಲ ಕೆಳಗಿಳಿದು ಮತ್ತೆ ಹತ್ತಿದಾಗ ಜಾಗ ಅದಲುಬದಲಾಯಿತು. ಅದೇ ಹೊತ್ತಿಗೆ ತುಮಕೂರಿನ ಪಕ್ಕದ ಕೋರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಹಳೇ ಶಿಷ್ಯನೊಬ್ಬ ಮೇಷ್ಟ್ರಿಗೆ ಬೇಕಿತ್ತು ಅಂತ ಮೆಥನಾಲ್ ತಂದುಕೊಟ್ಟಿದ್ದ. ಮೇಷ್ಟ್ರು ಅದನ್ನೂ ಅಂಥದ್ದೇ ಕಂದು ಬಾಟಲಿಗೆ ತುಂಬಿ, ಗೆರೆ ಎಳೆದು ಅಂಟಿಸಿದ್ದರು.

ರಜೆ ಮುಗಿದ ಮೇಲಿನ ಮೊದಲ ಶನಿವಾರ ನಾನು ರೆಕಾರ್ಡ್ ಬುಕ್ ಮರೆತು ವಾಪಸ್ ಲ್ಯಾಬಿಗೆ ಹೋದೆ. ಹಿಂದಿನ ದಿನದ ಟೆಸ್ಟಿನಲ್ಲಿ ನಾನೇ ಫಸ್ಟು, ಮೇಷ್ಟ್ರು ಕ್ಲಾಸಿನಲ್ಲಿ ಹೆಸರು ಹಿಡಿದು ಹೇಳಿದ್ದರು. ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದೆ. ಅಟೆಂಡರ್ ಎರಡು ಕೈಯಲ್ಲಿ ಎರಡು ಬಾಟಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿಕೊಂಡು ನಿಂತಿದ್ದ. ಒಂದರ ಮೇಲೆ ಉದ್ದನೆಯ ಅಂಕುಡೊಂಕು ಗೆರೆ, ಇನ್ನೊಂದರ ಮೇಲೆ ಪುಟ್ಟ ಗೆರೆ. ಎಥನಾಲಿನ ಬಾಟಲಿ ಮೂರನೆಯದು, ಅದು ಸುಣ್ಣದ ಡಬ್ಬಗಳ ಹಿಂದೆ ಸೇರಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು.

"ಅವ್ವಾ, ನೀನ್ ಫಸ್ಟ್ ಬಂದಿರೋಳು. ಇದ್ರಾಗೆ ಎರಡು ಕಾರ್ಬನ್ದು ಯಾವ್ದು ಒಸಿ ಎಣಿಸಿ ಹೇಳವ್ವ. ಒಂದು ಕಾರ್ಬನ್ದು ಬ್ಯಾಡ ಕಣವ್ವ, ಎರಡರದ್ದು."

ಯಾಕೆ ಕೇಳುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ನಿಲ್ಲುವುದಿಲ್ಲ. ಉದ್ದದ ಗೆರೆ ಎರಡಲ್ಲ ಅಂತ ನೋಡಿದ ಕೂಡಲೆ ತಿಳಿಯಿತು. ಪುಟ್ಟ ಗೆರೆಯ ಮೇಲೆ ಬೆರಳಿಟ್ಟು ಈ ತುದಿಗೆ ಒಂದು, ಆ ತುದಿಗೆ ಎರಡು ಅಂತ ಎಣಿಸಿದೆ. ಆ ತುದಿಯಲ್ಲಿ ಓಎಚ್ ಅಂತ ಕಣ್ಣಿಗೆ ರಾಚುವ ಹಾಗೆ ಬರೆದಿತ್ತು. "ಇದೇ, ಎಥನಾಲ್" ಅಂದೆ. "ಬದುಕ್ದೆ ಬುಡವ್ವ" ಅಂತ ನಕ್ಕ ಅವನು.

ಭಾನುವಾರ ಬೆಳಿಗ್ಗೆ ಅವನು ಹಾಸಿಗೆಯಲ್ಲಿ ಎದ್ದು ಕೂತು, ಮನೆಯಲ್ಲೆಲ್ಲ ಹಾಲು ಚೆಲ್ಲಿದವರು ಯಾರು ಅಂತ ಕೇಳಿದನಂತೆ. ಆಮೇಲೆ ವಾಂತಿ, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ತಲೆ ಜಪ್ಪೋದು. ತುಮಕೂರಿನ ಆಸ್ಪತ್ರೆಗೆ ಸಾಗಿಸಿದರು. ಸುದ್ದಿ ತಿಳಿದು ಮೇಷ್ಟ್ರು ಯಾರದೋ ಬೈಕಿನ ಹಿಂದೆ ಕೂತು ಓಡಿದರು, ಬಾಟಲಿ ಬಗಲಲ್ಲಿಟ್ಟುಕೊಂಡು. ಡಾಕ್ಟರಿಗೆ ಇದು ಮೆಥನಾಲ್ ಅಂತ ಖಚಿತವಾಗಿ ಗೊತ್ತಾಗಿದ್ದು ಹಾಗೆ. ಆ ವಿಷಕ್ಕೆ ಮದ್ದಾಗಿ ಅವನ ಮೂಗಿನೊಳಗೆ ಟ್ಯೂಬ್ ಹಾಕಿ ಎಥನಾಲ್ ಬಿಟ್ಟರು. ಬಯಸಿದ ಎರಡು ಕಾರ್ಬನ್ ಕೊನೆಗೆ ಅವನ ಹೊಟ್ಟೆ ಸೇರಿತು. ಪ್ರಾಣ ಉಳಿಯಿತು. ಕಣ್ಣು ಎರಡೂ ಹೋದವು.

ಸೋಮವಾರ ಎರಡನೇ ಪೀರಿಯಡ್. ಮೇಷ್ಟ್ರು ಬೋರ್ಡಿಗೆ ತಿರುಗಿ ಏನೋ ಬರೆಯುತ್ತಿದ್ದರು. ಬಾಗಿಲು ಒದ್ದು ಆರೇಳು ಜನ ಒಳಗೆ ಬಂದರು. ಮುಂದಿದ್ದವನು ಅಟೆಂಡರನ ತಮ್ಮ. ಮಂಡಿಯಲ್ಲಿ ದಿನವಿಡೀ ತೆಂಗಿನಕಾಯಿ ಸುಲಿಯುವ ಆಳು, ತೋಳು ಒಂದೊಂದೂ ನನ್ನ ತೊಡೆಯಷ್ಟು.

"ಯಾವನ್ಲಾ ಅದು ಹೆಸ್ರಿಲ್ದಿರೋ ಬಾಟ್ಲಿ ಮಡಗಿದ್ದೋನು?"

"ನಾನು" ಅಂದರು ಮೇಷ್ಟ್ರು.

"ಯಾರೋ ಓದಿ ಹೇಳವ್ರೆ ಅಂತಾನೆ ನಮ್ಮಣ್ಣ. ಹೆಸ್ರು ಕೇಳಿದ್ರೆ ಬಾಯಿ ಬುಡಲ್ಲ. ಓದಿ ಹೇಳ್ದೋರ್ ಯಾರು? ಇಲ್ಲವ್ರಾ?"

ನಾನು ಎರಡನೇ ಸಾಲಿನಲ್ಲಿದ್ದೆ. ಮೇಷ್ಟ್ರು ಇಡೀ ಕ್ಲಾಸಿನ ಮೇಲೆ ಒಮ್ಮೆ ಕಣ್ಣಾಡಿಸಿದರು, ನನ್ನ ಮೇಲೆ ಒಂದು ಗಳಿಗೆ ನಿಲ್ಲಿಸಿದರು. ಅಲ್ಲಿಗೆ ಅವರಿಗೆ ಗೊತ್ತಿದೆ ಅಂತ ನನಗೆ ಗೊತ್ತಾಯಿತು. ಹೆಸರು ಹೇಳುತ್ತಾರೆ ಅಂತ ಕಾದೆ. ಬೇರೆ ಏನೂ ಮಾಡಲಿಲ್ಲ, ಕಾದೆ ಅಷ್ಟೆ.

"ಓದಿ ಹೇಳಿದ್ದೂ ನಾನೇ" ಅಂದರು. "ಮಕ್ಳು ಹೊರಗ್ ಹೋಗ್ಲಿ."

ಮಕ್ಕಳು ಹೊರಗೆ ಹೋಗುವಷ್ಟು ವ್ಯವಧಾನ ಅವರಿಗಿರಲಿಲ್ಲ. ಮೊದಲ ಹೊಡೆತಕ್ಕೆ ಮೇಷ್ಟ್ರು ಬೋರ್ಡಿಗೆ ಬಡಿದು, ಬರೆದದ್ದೆಲ್ಲ ಅಂಗಿಗೆ ಒರೆಸಿಕೊಂಡು ಕೆಳಗೆ ಜಾರಿದರು. ಸತ್ಯ ಹೇಳುತ್ತೇನೆ, ಆ ಮೊದಲ ಹೊಡೆತ ನನಗೆ ಹಿತವಾಯಿತು. ನನಗೊಬ್ಬಳಿಗೇ ಅಲ್ಲ; ತುಟಿ ಹರಿದಿತ್ತಲ್ಲ, ಆ ಹುಡುಗ ಮೊಬೈಲ್ ತೆಗೆದು ಹಿಡಿದೇಬಿಟ್ಟಿದ್ದ. ಹೊಟ್ಟೆಗೆ ಒದ್ದರು, ಬೆನ್ನಿಗೆ ಒದ್ದರು, ಒಬ್ಬ ಅವರ ತೇಗದ ಸ್ಕೇಲನ್ನೇ ಎತ್ತಿ ಮುಖಕ್ಕೆ ಬಾರಿಸಿದ, ಸ್ಕೇಲು ಮುರಿಯಿತು. ಮೇಷ್ಟ್ರು ಒಂದು ಸಲವೂ ಕೈ ಅಡ್ಡ ಹಿಡಿಯಲಿಲ್ಲ, ಬೈಯಲಿಲ್ಲ. ಬಾಯಲ್ಲಿ ರಕ್ತ ತುಂಬಿಕೊಂಡು ಗೊರಗೊರ ಅನ್ನುತ್ತಿತ್ತು. ಆ ಹೊತ್ತಿಗೆ ನನಗೆ ಹಿತ ಅನ್ನಿಸೋದು ನಿಂತಿತ್ತು. ಕೊನೆಗೆ ತಮ್ಮ ಅವರ ಬಲಗೈಯನ್ನು ಎಳೆದು ಮೇಜಿನ ಮೇಲಿಟ್ಟು, "ಈ ಕೈಯಾಗಲ್ವಾ ನೀನು ಗೆರೆ ಎಳೆದಿದ್ದು?" ಅಂತ ಪಕ್ಕದಲ್ಲೇ ಇದ್ದ ಪ್ರಯೋಗದ ಕಬ್ಬಿಣದ ಸ್ಟ್ಯಾಂಡ್ ಎತ್ತಿ ಹಾಕಿದ. ಒಂದು ಸಲ ಅಲ್ಲ. ಮೂಳೆ ಮುರಿಯುವ ಸದ್ದು ನಾನು ಕೇಳಿದ್ದು ಅದೇ ಮೊದಲು, ಹಸೀ ಕಬ್ಬು ಮುರಿದ ಹಾಗಿತ್ತು.

ಆಗಲೂ ನಾನು ಎದ್ದು ನಿಲ್ಲಲಿಲ್ಲ. ಎದ್ದಿದ್ದರೆ ಒಂದು ಮಾತು ಸಾಕಿತ್ತು.

ವಿಡಿಯೋ ಸಂಜೆಯೊಳಗೆ ಮೂರು ತಾಲ್ಲೂಕು ಸುತ್ತಿತು. ಕಣ್ಣೊಂದು ಬಿಟ್ಟು ಹೊಡೀರಿ ಅಂದಿದ್ದ ಅಪ್ಪಂದಿರೇ ಒಬ್ಬರಿಗೊಬ್ಬರು ಕಳಿಸಿಕೊಂಡು, ಹಿಂಗೇ ಆಗ್ಬೇಕು ಅಂದರು, ನಮ್ಮಪ್ಪನೂ ಅಂದ. ಕಾಲೇಜು ಮೇಷ್ಟ್ರನ್ನು ಕೆಲಸದಿಂದ ತೆಗೆಯಿತು. ಕಂಪ್ಲೇಂಟ್ ಬರೆಸಿಕೊಳ್ಳೋಕೆ ಪೊಲೀಸಿನವರು ಆಸ್ಪತ್ರೆಗೆ ಹೋದರೆ, ಸ್ಟೂಲ್ ಮೇಲಿಂದ ಬಿದ್ದೆ ಅಂದರಂತೆ ಇವರು. "ವಿಡಿಯೋ ಐತಲ್ಲ ಸಾರ್" ಅಂದಿದ್ದಕ್ಕೆ, "ಅದ್ರಲ್ಲೂ ಬೀಳ್ತಾನೇ ಇದೀನಲ್ಲ, ಸರಿಯಾಗ್ ನೋಡಿ" ಅಂದರಂತೆ.

ನಾಲ್ಕನೇ ದಿನ ನಾನು ಮನೆಯಲ್ಲಿ ಸುಳ್ಳು ಹೇಳಿ ತುಮಕೂರಿಗೆ ಹೋದೆ. ಮೇಷ್ಟ್ರ ಮುಖ ಊದಿ ಒಂದು ಕಣ್ಣು ಮುಚ್ಚಿತ್ತು. ಬಲಗೈ ಮೊಣಕೈವರೆಗೂ ಪ್ಲಾಸ್ಟರು. ಅವರ ಅಕ್ಕ ಮಾತ್ರೆ ತರೋಕೆ ಹೋಗಿದ್ದರು. ಮಂಚದ ಹತ್ತಿರ ನಿಂತು, "ಸಾರ್, ಓದಿ ಹೇಳಿದ್ದು ನಾನು" ಅಂದೆ.

"ಗೊತ್ತು. ಅಟೆಂಡರ್ ಭಾನುವಾರಾನೇ ಕಿವೀಲಿ ಹೇಳ್ದ. ನನ್ ಬಿಟ್ಟು ಯಾರಿಗೂ ಹೇಳಲ್ಲ ಅಂದವ್ನೆ." ನನ್ನ ಕಡೆ ತಿರುಗಿ, "ಎಲ್ಲಿ ಎಣಿಸ್ದೆ?" ಅಂದರು.

ನನಗೆ ಅರ್ಥವಾಗಲಿಲ್ಲ.

"ಎರಡನೇ ಕಾರ್ಬನ್ನು ಕಣೇ. ಎಲ್ಲಿತ್ತು ಅದು?" ಎಡಗೈ ಬೆರಳಿನಿಂದ ಹೊದಿಕೆಯ ಮೇಲೆ ಒಂದು ಪುಟ್ಟ ಗೆರೆ ಎಳೆದರು. ನಾನು ಈ ತುದಿ ಮುಟ್ಟಿದೆ, ಆ ತುದಿ ಮುಟ್ಟಿದೆ.

"ಅಲ್ಲಿ ಏನ್ ಬರ್ದಿತ್ತು?"

"ಓಎಚ್ ಸಾರ್. ಗೆರೆ ಅಂದ್ಮೇಲೆ ಎರಡು ತುದಿ ಇರುತ್ತಲ್ಲ ಅಂತ..."

ಅವರು ತೆರೆದಿದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡರು. "ಇಪ್ಪತ್ತೆರಡು ವರ್ಷದಿಂದ ಇದೇ ತಪ್ಪಿಗೆ ಹೊಡ್ಕೊಂಡ್ ಬಂದಿದೀನಿ. ಯಾಕ್ ಹಂಗ್ ಎಣಿಸ್ತೀರಿ ಅಂತ ಒಬ್ಬರನ್ನೂ ಕೇಳ್ಲಿಲ್ಲ ನೋಡು. ಕೇಳಿದ್ರೆ ಒಂದು ನಿಮಿಷದ ಪಾಠ."

ನಾನು ಅಳುತ್ತಾ, ಪ್ರಿನ್ಸಿಪಾಲರಿಗೆ ಹೇಳುತ್ತೇನೆ, ಆ ತಮ್ಮನಿಗೂ ಹೇಳುತ್ತೇನೆ ಅಂದೆ.

"ಬಾಯ್ ಮುಚ್ಚು. ಈಗ ಹೇಳಿದ್ರೆ ನಾನ್ ತಿಂದಿದ್ದೆಲ್ಲ ದಂಡ ಆಗುತ್ತೆ. ನಿನಗೆ ಹದಿನಾರು ವರ್ಷ. ನಾನ್ ಇರೋ ತಂಕ ಯಾರ ಹತ್ರಾನೂ ಉಸಿರೆತ್ಕೂಡ್ದು. ಅವ್ನ ಮನೆ ಕಡೆ ತಲೆ ಹಾಕ್ಬೇಡ. ನಿನ್ ದನಿ ಗುರ್ತು ಹಿಡೀತಾನೆ. ಅವ್ನೇನೂ ಅನ್ನಲ್ಲ, ಪಕ್ಕದಲ್ಲಿ ತಮ್ಮ ಇರ್ತಾನೆ." ಆಮೇಲೆ ಮಾಮೂಲಿ ದನಿಯಲ್ಲಿ, "ಉಳಿದ ಪಾಠಕ್ಕೆ ಕುಣಿಗಲ್‌ಗೆ ಬಾ. ಭಾನುವಾರ. ಲೇಟಾಗ್ ಬಂದ್ರೆ ಬಾಗಿಲು ತೆಗ್ಯಲ್ಲ" ಅಂದರು.

ಒಂದೂವರೆ ವರ್ಷ, ಪ್ರತಿ ಭಾನುವಾರ ಎರಡು ಬಸ್ಸು ಬದಲಾಯಿಸಿ ಕುಣಿಗಲ್ಲಿಗೆ ಹೋದೆ. ಬಲಗೈ ಬೆರಳು ಮಡಿಸೋಕೆ ಬರುತ್ತಿರಲಿಲ್ಲ ಅವರಿಗೆ. ಎಡಗೈಯಲ್ಲಿ ಬರೆಯುತ್ತಿದ್ದರು, ಬೆಂಜೀನಿನ ಆರು ಮೂಲೆ ಹಲಸಿನ ಹಣ್ಣಿನ ಹಾಗೆ ಬರುತ್ತಿತ್ತು. ಮೇಷ್ಟ್ರು ಸಾಧುವಾಗಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು, ಒಂದು ಸಲ ಕಾಫಿ ಲೋಟವನ್ನೇ ಬೀಸಿ ಎಸೆದರು, ಗೋಡೆಗೆ ಬಿದ್ದು ನೆಗ್ಗಿತು. ಆದರೆ ತಪ್ಪಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು "ಎಲ್ಲಿ ಎಣಿಸ್ದೆ, ತೋರ್ಸು" ಅಂತಲೇ. ತೋರಿಸಿದ ಮೇಲೆ ಬೈಗುಳ.

ನಾನು ಎಂಎಸ್ಸಿ ಮಾಡಿ ತುಮಕೂರಿನಲ್ಲಿ ಪಾಠ ಹೇಳೋಕೆ ಸೇರಿದೆ. ನನ್ನ ಲ್ಯಾಬಿನ ಬಾಟಲಿಗಳ ಮೇಲೆ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಂಗೈ ಅಗಲದ ಅಕ್ಷರದಲ್ಲಿದೆ. ವಿಷ ಅನ್ನೋದು ಕೆಂಪಿನಲ್ಲಿ. ಮೇಷ್ಟ್ರು ಒಂದು ಸಲ ಬಂದು ನೋಡಿ, "ಕಿರಾಣಿ ಅಂಗ್ಡಿ ಇಟ್ಟಂಗಿದೆ" ಅಂದು, ಒಂದೊಂದನ್ನೂ ಸುತ್ತು ತಿರುಗಿಸಿ ಓದಿ ಹೋದರು. ಅಟೆಂಡರ್, ಅವನ ತಮ್ಮ ಎದುರಾದರೆ ಅಂತ ಗುಬ್ಬಿಗೆ ಮಾತ್ರ ನಾನು ಸಂತೆಯ ದಿನ ಕಾಲಿಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಊರು ಕೇಳಿದರೂ ಪಿಸುಮಾತಲ್ಲಿ ಹೇಳುತ್ತಿದ್ದೆ. ಹನ್ನೊಂದು ವರ್ಷ ನನ್ನದೇ ದನಿಗೆ ಹೆದರಿ ಬದುಕಿದೆ.

ಹೋದ ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಕೂತವರು ಹಾಗೇ ಒರಗಿದರು ಅಂತ ಅಕ್ಕ ಫೋನ್ ಮಾಡಿದರು. ನಾನು ಹೋಗುವ ಹೊತ್ತಿಗೆ ಅವರದೇ ಹೊಲದ ಬದುವಿನಲ್ಲಿ ಗುಣಿ ತೆಗೆದು, ಅವರನ್ನು ಕೂರಿಸಿ, ಬಿಲ್ವಪತ್ರೆ ವಿಭೂತಿ ತುಂಬುತ್ತಿದ್ದರು. ಏಟು ತಿಂದವರೇ ಹೆಚ್ಚು ಜನ ಬಂದಿದ್ದರು. ಗುದ್ದಲಿ ಹಿಡಿದು ಎಲ್ಲರಿಗಿಂತ ಜೋರಾಗಿ ಮಣ್ಣು ಎಳೆಯುತ್ತಿದ್ದವನ ತೋಳು ನೋಡಿದೆ. ಅಟೆಂಡರನ ತಮ್ಮ. ಕೂದಲು ನರೆತಿತ್ತು. ಪಕ್ಕದಲ್ಲಿ ಕೋಲು ಹಿಡಿದು ಅಟೆಂಡರ್ ನಿಂತಿದ್ದ. ಮೇಷ್ಟ್ರು ತಿಂಗಳಿಗೊಂದು ಸಲ ಗುಬ್ಬಿಗೆ ಹೋಗಿ ಅವನ ಜೊತೆ ಕೂತು ಬರುತ್ತಿದ್ದರು, ಆ ತಮ್ಮನೇ ಟೀ ಕೊಡುತ್ತಿದ್ದ ಅಂತ ಅಕ್ಕ ಅಲ್ಲೇ ಹೇಳಿದರು. ಮೇಷ್ಟ್ರು ನನಗೆ ಯಾವತ್ತೂ ಹೇಳಿರಲಿಲ್ಲ.

"ನಂಗೊಂದ್ ಹಿಡಿ ಮಣ್ಣು ಕೊಡ್ರಪ್ಪ ಯಾರಾದ್ರೂ" ಅಂತ ಅಟೆಂಡರ್ ಕೈ ಚಾಚಿದ. ಹತ್ತಿರ ಇದ್ದವಳು ನಾನೇ. ಬಗ್ಗಿ ಒಂದು ಹಿಡಿ ತೆಗೆದು ಅವನ ಅಂಗೈಗೆ ಹಾಕಿದೆ.

"ಯಾರವ್ವ?" ಅಂದ, ಬಳೆಯ ಸದ್ದಿಗೆ.

ಸುಮ್ಮನಿರಬಹುದಿತ್ತು. "ನಾನು ಅಣ್ಣ" ಅಂದೆ.

ದನಿಯ ಗುರುತು ಸಿಕ್ಕಿ ಅವನು ಮುಖವನ್ನು ನನ್ನ ಕಡೆ ತಿರುಗಿಸಿದ. ತಮ್ಮ ಗುದ್ದಲಿ ನಿಲ್ಲಿಸಿ, "ಯಾರಣ್ಣ ಅದು?" ಅಂದ.

"ಮೇಷ್ಟ್ರ ಹತ್ರ ಓದ್ದೋಳು ಕಣ್ಲಾ. ಬುಡು, ಮಣ್ಣ್ ಎಳಿ ನೀನು."

ಅವನೂ ಹನ್ನೊಂದು ವರ್ಷ ಆ ಗುಟ್ಟು ಕಾಯ್ದುಕೊಂಡು ಬಂದಿದ್ದ. ಅಲ್ಲಿಗೆ ಮುಗಿಸಬಹುದಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ನನಗೋಸ್ಕರ ಒಬ್ಬರು ಕೈ ಮುರಿಸಿಕೊಂಡಿದ್ದರು, ಕೆಲಸ ಕಳೆದುಕೊಂಡಿದ್ದರು. ಕಣ್ಣು ಕಳೆದುಕೊಂಡ ಇನ್ನೊಬ್ಬ ಆಗಲೂ ನನ್ನನ್ನೇ ಮರೆಮಾಡುತ್ತಿದ್ದ. ಇವರಿಬ್ಬರ ಋಣದಲ್ಲಿ ನಾನು ಉಸಿರಾಡುತ್ತಿದ್ದೆ. ಇರೋ ತಂಕ ಅಂದಿದ್ದರು ಮೇಷ್ಟ್ರು. ಈಗ ಅವರು ಇರಲಿಲ್ಲ. ತಮ್ಮನ ಮುಂದೆ ಹೋಗಿ ನಿಂತು, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದೆ: "ಆ ಬಾಟ್ಲಿ ಓದಿ ಹೇಳಿದ್ದು ಮೇಷ್ಟ್ರಲ್ಲ. ನಾನು. ತಪ್ಪು ಎಣಿಸಿ ಹೇಳ್ದೆ. ನೀವು ಬಂದಾಗ ಕ್ಲಾಸಲ್ಲೇ ಕೂತಿದ್ದೆ."

ಅವನು ನನ್ನನ್ನು ನೋಡಿದ, ಗುಣಿಯನ್ನು ನೋಡಿದ. ಮೇಷ್ಟ್ರ ತಲೆ ಇನ್ನೂ ಕಾಣುತ್ತಿತ್ತು.

"ಹಂಗಾರೆ ನಾನ್ ಮುರ್ದಿದ್ದು ಯಾರ್ ಕೈಯ?" ಅಂದ.

ನಾನು ಉತ್ತರ ಕೊಡುವ ಮೊದಲೇ ಅವನ ಕೈ ಬಂತು. ಕಿವಿ ಸೇರಿ ಇಡೀ ಎಡಗೆನ್ನೆಗೆ ಬಿತ್ತು. ಒಂದು ಮಂಡಿ ಊರಿದೆ. ಬಾಯಲ್ಲಿ ಉಪ್ಪು ರುಚಿ. ಎದ್ದು, ಇನ್ನೊಂದು ಬರಲಿ ಅಂತ ನಿಂತೆ. ಬರಲಿಲ್ಲ. ಅವನು ತನ್ನ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟಿದ್ದ.

ಅಟೆಂಡರ್ ಕತ್ತು ಆ ಕಡೆ ಈ ಕಡೆ ತಿರುಗಿಸಿದ. "ಏನ್ಲಾ ಅದು ಸದ್ದು?"



"ಏನಿಲ್ಲ ಅಣ್ಣ" ಅಂದೆ. ಬಾಯಲ್ಲಿದ್ದ ರಕ್ತ ನುಂಗಿ, ಅವನ ಮೊಣಕೈ ಹಿಡಿದು ಗುಣಿಯ ಅಂಚಿಗೆ ಕರೆದುಕೊಂಡು ಹೋದೆ. "ಮಣ್ಣು ಹಾಕಿ."